ಲಾವಂಚದ ತಟ್ಟಿ ಕಟ್ಟಿಕೊಂಡ ಜೀಪು

ನವತಪದ ಎರಡನೆಯ ದಿನ, ಬೆಳಿಗ್ಗೆ ಹತ್ತೂವರೆಗೆ, ಖೈರಪೇಠ ನಗರ ಪರಿಷತ್ತಿನ ಜೀಪಿಗೆ ಬಿಸಿಲು ಹೊಡೆಯಿತು. ಇದು ನಮ್ಮ ಮಾತಲ್ಲ. ಮುಖ್ಯಾಧಿಕಾರಿ ವೈರಾಗಡೆ ಸಾಹೇಬರು ಕಡತದಲ್ಲಿ ಸ್ವಹಸ್ತದಿಂದ ಬರೆದ ಮಾತು. ಚಂದ್ರಪುರ ಸೀಮೆಯಲ್ಲಿ ಮೇ ಕೊನೆಯ ಆ ಒಂಬತ್ತು ದಿನ ಮನುಷ್ಯರಿಗೆ ಬಿಸಿಲು ಹೊಡೆದರೆ ಕಡತ ತೆರೆಯುವುದಿಲ್ಲ. ಜೀಪು ಸರಕಾರಿ ಆಸ್ತಿ, ಆದ್ದರಿಂದ ತೆರೆಯಿತು.

ಆ ಜೀಪಿನ ಕೆಲಸ ಒಂದೇ. ಬೆನ್ನಿಗೆ ನೀರಿನ ಟ್ಯಾಂಕು ಕಟ್ಟಿಕೊಂಡು ದಿನಕ್ಕೊಮ್ಮೆ ಗುಡ್ಡದ ಮೇಲಿನ ನಮ್ಮ ಟೇಕಡಿ ವಾರ್ಡಿಗೆ ಏರಿ ಬರುವುದು. ಟೇಕಡಿಗೆ ನಳ ಬಂದಿದೆ, ನಳದೊಳಗೆ ನೀರು ಬಂದಿಲ್ಲ. ಒಂದು ಬಾವಿ ಇತ್ತು. ಕಲ್ಲಿದ್ದಲ ಗಣಿ ಅದನ್ನು ತಳದಿಂದ ಹೀರಿ ಹಾಕಿತು. ನೂರ ನಲವತ್ತು ಮನೆಗಳಿಗೆ ಈ ಟ್ಯಾಂಕೇ ಗತಿ. ಅದು ಹನ್ನೊಂದಕ್ಕೆ ಬಂದರೆ ಒಲೆ ಹೊತ್ತುತ್ತದೆ, ಬಾರದಿದ್ದರೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ.

ಜೀಪು ಮೂರು ವರ್ಷದಿಂದ ಬರುತ್ತಿತ್ತು. ಆದರೂ ನವತಪದ ಮೊದಲ ದಿನ ನಗರಾಧ್ಯಕ್ಷ ದಾದಾಸಾಹೇಬ ಟೋಂಗೆಯವರು 'ನೀರು ನಿಮ್ಮ ಬಾಗಿಲಿಗೆ' ಎಂಬ ಯೋಜನೆಯನ್ನು ಉದ್ಘಾಟಿಸಿ, ಅದೇ ಜೀಪಿಗೆ ಹಸಿರು ಬಾವುಟ ತೋರಿಸಿದರು. ಜೀಪಿನ ಮುಂಭಾಗಕ್ಕೆ, ಎರಡು ದೀಪಗಳ ನಡುವೆ, ಜಾಳಿಗೆಯೆಲ್ಲ ಮುಚ್ಚುವಂತೆ ಒಂದು ಫ್ಲೆಕ್ಸು ಬಿಗಿದರು. ಫ್ಲೆಕ್ಸಿನ ತುಂಬ ದಾದಾಸಾಹೇಬರ ಮುಖ, ಮುಖದ ತುಂಬ ಹಲ್ಲು. ದೂರದಿಂದ ನೋಡಿದರೆ ದಾದಾಸಾಹೇಬರೇ ಹಲ್ಲು ಕಚ್ಚಿ ಟ್ಯಾಂಕು ಎಳೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ಮರುದಿನವೇ ಏರಿನ ಮೊದಲ ತಿರುವಿನಲ್ಲಿ, ಬೇವಿನ ಮರದ ಕೆಳಗೆ, ಜೀಪು ಬುಸುಗುಟ್ಟಿ ನಿಂತಿತು. ಎಂಜಿನ್ನಿನ ಶಾಖ ತೋರಿಸುವ ಸೂಜಿ ಕೆಂಪು ಗೆರೆ ದಾಟಿತ್ತು. ಚಾಲಕ ಉಯಿಕೆ ಕೆಳಗಿಳಿದು, ಎಂಜಿನ್ನು ಆರುವ ತನಕ ಕಾದು, ಟ್ಯಾಂಕಿನಿಂದ ನಾಲ್ಕು ಕೊಡ ನೀರು ಹಿಡಿದು ಜೀಪಿಗೆ ಕುಡಿಸಿದ. ಎರಡನೆಯ ತಿರುವಿನಲ್ಲಿ ಮತ್ತೆ ನಾಲ್ಕು, ಮೂರನೆಯದರಲ್ಲಿ ಮತ್ತೆ. ನಮ್ಮ ಪಾಲಿನ ನೀರನ್ನು ಹೀಗೆ ಜೀಪು ಮೊದಲು ಕುಡಿದು, ಎಂಜಲು ನಮಗೆ ತಂದಾಗ ಮಧ್ಯಾಹ್ನ ಎರಡು ಗಂಟೆ.

ಜೀಪಿನ ರೋಗಕ್ಕೆ ಟೇಕಡಿಯಲ್ಲಿ ಮದ್ದು ಹೇಳದವರಿಲ್ಲ. ಬಿಸಿಲಿಗೆ ಹೊರಡುವಾಗ ನಾವು ಕಿಸೆಯಲ್ಲಿ ಉಳ್ಳಾಗಡ್ಡೆ ಇಟ್ಟುಕೊಳ್ಳುವವರು. ಯಾರೋ ಒಂದು ಉಳ್ಳಾಗಡ್ಡೆಗೆ ದಾರ ಪೋಣಿಸಿ ಜೀಪಿನ ಕನ್ನಡಿಗೆ ಕಟ್ಟಿದರು. ಇನ್ಯಾರೋ ಮಾವಿನಕಾಯಿ ಬೇಯಿಸಿದ ಪಾನಕ ಒಂದು ಚೆರಿಗೆ ತಂದು, "ರೇಡಿಯೇಟರಿಗಿ ಹಾಕ್ರಿ, ನಮ್ಮಪ್ಪ ಇದ್ರಲೇ ಉಳದಾನ" ಎಂದರು. ಉಯಿಕೆ ಚೆರಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಜೀಪಿನ ಆರೋಗ್ಯಕ್ಕಾಗಿ ತಾನೇ ಕುಡಿದ.

ಕೊಡಗಳ ಸಾಲಿನ ಮೊದಲನೆಯ ಕೊಡ ಸಾಳುಬಾಯಿಯದು. ವಯಸ್ಸು ಎಪ್ಪತ್ತರ ಮೇಲೆ. ಇಟ್ಟಂಗಿ ಭಟ್ಟಿಯಲ್ಲಿ ಬೆಂದ ಕೈ, ಅಲ್ಲಿಯೇ ಬೆಂದ ನಾಲಿಗೆ. ತಗಡಿನ ಒಂದು ಖೋಲಿ, ಅದರಲ್ಲಿ ತಾನು ಮತ್ತು ಗಬ್ಬದ ಆಡು. ಆಕೆಯ ಅಳಿಯನೇ ನಮ್ಮ ಕಥಾನಾಯಕ ತುಳಶಿರಾಮ ನಿಮಗಡೆ.

ತುಳಶಿರಾಮ ನಗರ ಪರಿಷತ್ತಿನಲ್ಲಿ ಸಿಪಾಯಿ. ಎಂಟು ತಿಂಗಳು ಕಡತ ಹೊರುತ್ತಾನೆ. ಮಾರ್ಚಿನಿಂದ ಜೂನಿನವರೆಗೆ ಮಾತ್ರ ಅವನ ಯೋಗ್ಯತೆ ಏರುತ್ತದೆ. ಸಾಹೇಬರ ಕೋಣೆಯ ಕೂಲರಿಗೆ ನೀರು ತುಂಬುವುದು, ಕಿಟಕಿಯ ಲಾವಂಚದ ತಟ್ಟಿಗಳನ್ನು ಗಳಿಗೆಗೊಮ್ಮೆ ತೋಯಿಸುವುದು ಅವನ ಕೆಲಸ. ಹೊರಗೆ ನಲವತ್ತೇಳು ಡಿಗ್ರಿ ಇದ್ದಾಗ ವೈರಾಗಡೆ ಸಾಹೇಬರು ಒಳಗೆ ಶಾಲು ಹೊದ್ದು ಕೂರುತ್ತಿದ್ದರು. ಒಮ್ಮೆ ಮೇ ತಿಂಗಳಲ್ಲಿ ಅವರಿಗೆ ನೆಗಡಿಯಾಯಿತು. ಆ ನೆಗಡಿಯನ್ನು ತುಳಶಿರಾಮ ತನ್ನ ಜೀವನದ ಸಾಧನೆ ಎಂದು ತಿಳಿದಿದ್ದ. ಬೀಗರಲ್ಲಿ, ಚಹಾದ ಅಂಗಡಿಯಲ್ಲಿ, ಬುದ್ಧವಿಹಾರದ ಕಟ್ಟೆಯ ಮೇಲೆ ಅವನದು ಒಂದೇ ಮಾತು: "ನನ್ನ ಕೈ ಬಿದ್ರ ಸುಡಗಾಡದ ಬೆಂಕೀನೂ ತಣ್ಣಗಾಗ್ತದ."

ಆ ಸಂಜೆ ಅತ್ತೆ ಅಳಿಯನನ್ನು ಹಿಡಿದಳು.

"ಬರ್ರಿ ಅಳಿಯಂದ್ರ. ನಿಮ್ಮ ಆಫೀಸಿನ ಜೀಪು ನಮ್ಮ ನೀರು ಕುಡಿಲಾಕತ್ತದ. ನಿಮ್ಮ ಸಾಹೇಬ್ರು ಏನು ಕುಡೀತಾರ?"

"ಅತ್ತಿ, ಅದು ತಾಂತ್ರಿಕ ವಿಷಯ."

"ಆಗಲಿ. ನನ್ನ ವಿಷಯ ತಾಂತ್ರಿಕ ಅಲ್ಲ. ಈ ತಗಡಿನ ಕೆಳಗ ನಾನು ಬೇಯ್ತೀನಿ, ಹೋಗ್ಲಿ. ಆಡು ಬೇಯ್ತದ. ಒಂದು ಫ್ಲೆಕ್ಸು ತಂದು ಕೊಡು, ಮ್ಯಾಲ ಹಾಸ್ತೀನಿ. ಊರಾಗ ಕಂಬಕ್ಕೊಂದು ಜೋತು ಬಿದ್ದಾವ."

"ಅವೆಲ್ಲಾ ದಾದಾಸಾಹೇಬ್ರ ಮುಖ ಅತ್ತಿ! ಮುಟ್ಟಿದ್ರ ನನ್ನ ನೌಕರಿ ಹೋಗ್ತದ."

"ಮುಖ ನನಗ್ಯಾಕೋ? ಹಿಂದಿನ ಬಿಳೀ ಮಗ್ಗಲು ಸಾಕು."

ನಮ್ಮ ಕಡೆ ಚುನಾವಣೆ ಮುಗಿದ ಮೇಲೆ ಫ್ಲೆಕ್ಸುಗಳೆಲ್ಲ ಬಡವರ ಮಾಳಿಗೆ ಸೇರುತ್ತವೆ. ಮುಖಂಡರು ನಮಗೆ ನಿಜವಾಗಿ ಕೊಡುವುದು ಅದೊಂದನ್ನೇ. ಆದರೆ ಚುನಾವಣೆ ಇನ್ನೂ ಎರಡು ವರ್ಷ ದೂರವಿತ್ತು.

ಮೂರನೆಯ ದಿನ ಪರಿಷತ್ತಿನ ಅಂಗಳದಲ್ಲಿ ಜೀಪಿನ ತಪಾಸಣೆ. ಕುತುಬ್ ಮಿಸ್ತ್ರಿಯನ್ನು ಕರೆಸಿದರು. ನಲವತ್ತು ವರ್ಷ ಎಂಜಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯ. ಕಚೇರಿಯೆಲ್ಲ ನೆರಳಿನಲ್ಲಿ ನಿಂತು ನೋಡಿತು. ಆತ ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಅದರ ರಬ್ಬರು ನೋಡಿದ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಚಾಲೂ ಮಾಡಿಸಿ, ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿದ. ಮುಚ್ಚಳ ಬಿಗಿದು ಅರ್ಧ ಗಂಟೆ ಓಡಿಸಿ, ರೇಡಿಯೇಟರಿನ ಮೇಲಿನ ಪೈಪು ಮುಟ್ಟಿದ, ಕೆಳಗಿನದನ್ನು ಮುಟ್ಟಿದ.

"ಬೆಲ್ಟು ಬಿಗಿ ಅದ. ಪಂಪು ತಳ್ಳಾಕತ್ತದ. ಗುಳ್ಳಿ ಇಲ್ಲ, ಅಂದ್ರ ಗ್ಯಾಸ್ಕೆಟ್ ಗಟ್ಟಿ. ಮ್ಯಾಲಿನ ಪೈಪು ಬಿಸಿ, ಕೆಳಗಿಂದೂ ಅಷ್ಟೇ ಬಿಸಿ."

"ಅಂದರೆ?" ಎಂದರು ವೈರಾಗಡೆ ಸಾಹೇಬರು.

"ಅಂದ್ರ ಬಿಸಿನೀರು ರೇಡಿಯೇಟರಿಗಿ ಬರ್ತದ, ತಣ್ಣಗಾಗದೇ ವಾಪಸ್ ಹೋಗ್ತದ. ಗಾಳಿ ಸಾಲವಲ್ದು ಸಾಹೇಬ್ರ."

"ಗಾಳಿ ಯಾಕೆ ಸಾಲುವುದಿಲ್ಲ?"

ಕುತುಬ್ ಮಿಸ್ತ್ರಿ ಫ್ಲೆಕ್ಸನ್ನು ನೋಡಿದ. ಫ್ಲೆಕ್ಸು ಕುತುಬ್ ಮಿಸ್ತ್ರಿಯನ್ನು ನೋಡಿ ನಕ್ಕಿತು.

"ಬ್ಯಾಸಗಿ ಸಾಹೇಬ್ರ," ಎಂದು ಹೇಳಿ ಆತ ಪಾನಾಗಳನ್ನು ಚೀಲಕ್ಕೆ ಹಾಕಿಕೊಂಡ. ಹೋಗುವಾಗ ಉಯಿಕೆಯ ಕಿವಿಯಲ್ಲಿ ಮಾತ್ರ, "ಭಾಳ ಆದ್ರ ಹೀಟರ್ ತಿರುವು. ಅದೂ ಒಂದು ಸಣ್ಣ ರೇಡಿಯೇಟರೇ. ಎಂಜಿನ್ನಿನ ಬೆಂಕಿ ನಿನ್ನ ಕಾಲ ಮ್ಯಾಲ ಬರ್ತದ, ಎಂಜಿನ್ನು ಉಳೀತದ" ಎಂದ.

"ನವತಪದಾಗ ಹೀಟರ್ ಹಚ್ಚಲ್ಯಾ ಚಾಚಾ? ಹಂಗಂದ್ರ ನನ್ನ ಹೇಣ್ತಿಗಿ ವಿಧವಾ ಪಿಂಚಣಿ ಅರ್ಜಿ ಈಗೇ ಬರೆದು ಕೊಡು."

ಇತ್ತ ಸಾಹೇಬರು ತಮ್ಮ ಕೋಣೆಗೆ ಮರಳಿ 'ಗಾಳಿ' ಎಂಬ ಪದವನ್ನು ಹಿಡಿದು ಚಿಂತೆಗಿಳಿದರು. ಗಾಳಿಗೆ ಯಾವ ವಿಭಾಗದಿಂದ ಪತ್ರ ಬರೆಯಬೇಕು? ಆಗ ತಟ್ಟಿ ತೋಯಿಸುತ್ತಿದ್ದ ತುಳಶಿರಾಮ ಬಾಯಿಬಿಟ್ಟ. ಮನುಷ್ಯ ಹಾಳಾಗುವುದು ಇಂಥ ಗಳಿಗೆಯಲ್ಲೇ.

"ಸಾಹೇಬ್ರ, ಗಾಳಿ ಅದ. ಆದ್ರ ಬಿಸಿ ಗಾಳಿ ಅದ. ಈ ಖೋಲಿಗಿ ಬರೋದೂ ಅದೇ ಗಾಳಿ. ನಡುವ ಒಂದು ಹಸೀ ತಟ್ಟಿ ಇಟ್ರ ತಾವು ಶಾಲು ಹೊದಿತೀರಿ. ಜೀಪಿಗೂ ಒಂದು ತಟ್ಟಿ ಕಟ್ಟಿದ್ರ?"

ಸಾಹೇಬರು ಶಾಲು ಸರಿಪಡಿಸಿಕೊಂಡು ಅವನನ್ನು ಮೊದಲ ಬಾರಿಗೆ ನೋಡಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ.

"ನಿನ್ನ ಹೆಸರೇನು?"

ನಾಲ್ಕನೆಯ ದಿನ ಸಾಹೇಬರ ಕಿಟಕಿಯ ಅಳತೆಯ ಲಾವಂಚದ ತಟ್ಟಿಯೊಂದು ಜೀಪನ್ನೇರಿತು. ಎಲ್ಲಿ ಕಟ್ಟುವುದು ಎಂಬ ಪ್ರಶ್ನೆ ಬಂತು. ಫ್ಲೆಕ್ಸಿನ ಮೇಲೆ ಕಟ್ಟಿದರೆ ದಾದಾಸಾಹೇಬರ ಮುಖಕ್ಕೆ ತಟ್ಟಿ ಕಟ್ಟಿದಂತಾಗುತ್ತದೆ. ಆದ್ದರಿಂದ ಫ್ಲೆಕ್ಸಿನ ಹಿಂದೆ, ಜಾಳಿಗೆಗೆ ಒತ್ತಿ ಕಟ್ಟಿದರು. ಮೇಲೊಂದು ತೂತಿನ ಗಡಿಗೆ, ಹನಿಹನಿಯಾಗಿ ನೀರು. ಉದ್ದಕ್ಕೂ ತೋಯಿಸಲು ತುಳಶಿರಾಮ ತಾನೇ ಜೀಪಿನಲ್ಲಿ ಕುಳಿತ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಉಳ್ಳಾಗಡ್ಡೆ.

ಜೀಪು ಅಂದು ಬೇವಿನ ಮರದ ತನಕವೂ ಬರಲಿಲ್ಲ. ಸಪಾಟು ರಸ್ತೆಯಲ್ಲೇ ಕುದಿಯಿತು. ಆದರೆ ಸತ್ಯವನ್ನು ಸತ್ಯವೆಂದೇ ಹೇಳಬೇಕು: ಉಗಿಯಿಂದ ಲಾವಂಚದ ಪರಿಮಳ ಬರುತ್ತಿತ್ತು. ದಾರಿಹೋಕರು ನಿಂತು ಮೂಗರಳಿಸಿದರು. ಯಾರದೋ ದಿಬ್ಬಣ ಎಂದುಕೊಂಡು ಇಬ್ಬರು ಕೈಮುಗಿದರು. ತುಳಶಿರಾಮನ ವರದಿಯ ಮೇಲೆ ಸಾಹೇಬರು ಬರೆದರು: 'ವಾಸನೆಯಲ್ಲಿ ಸುಧಾರಣೆ ಕಂಡುಬಂದಿದೆ. ಪ್ರಯೋಗ ಮುಂದುವರಿಸುವುದು.'

ಟೇಕಡಿಗೆ ಅಂದು ಮನೆಗೊಂದು ಕೊಡವೂ ಸಿಗಲಿಲ್ಲ.

ಐದನೆಯ ದಿನ ಪ್ರಯೋಗ ಮುಂದುವರಿಯಿತು. ಹನ್ನೆರಡಾಯಿತು, ಒಂದಾಯಿತು. ನಮ್ಮ ಹೆಂಗಸರು ಕಾಯಲಿಲ್ಲ. ಕೊಡಗಳನ್ನು ಎತ್ತಿಕೊಂಡು ಇಳಿಜಾರು ಇಳಿದರು. ಮುಂದೆ ಸಾಳುಬಾಯಿ, ಸೊಂಟದಲ್ಲಿ ಆಡಿಗೆ ಸೊಪ್ಪು ಕೊಯ್ಯುವ ಕುಡುಗೋಲು. ಬೇವಿನ ಮರದ ಕೆಳಗೆ ಜೀಪು ಪರಿಮಳ ಸೂಸುತ್ತ ನಿಂತಿತ್ತು. ತುಳಶಿರಾಮ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋಗುತ್ತಿದ್ದ, ಉಯಿಕೆ ಅವನ ರಟ್ಟೆ ಹಿಡಿದು ಜಗ್ಗುತ್ತಿದ್ದ.

"ಬಿಸಿ ಇದ್ದಾಗ ತೆಗೀಬ್ಯಾಡೋ! ಮುಖದ ತೊಗಲು ಕಿತ್ತು ಬರ್ತದ!"

"ಬಿಡು ಉಯಿಕೆ, ಒಳಗ ನೋಡ್ಬೇಕು!"

"ಬಿಡಪ್ಪಾ, ನೋಡಲಿ," ಎಂದಳು ಸಾಳುಬಾಯಿ. "ಅಳಿಯಂದ್ರಿಗಿ ಹೊಸ ಮುಖ ಬಂದ್ರ ಬರಲಿ. ಹಳೇದ್ರಿಂದ ಏನೂ ಉಪಯೋಗ ಆಗಿಲ್ಲ."

ಹೆಂಗಸರು ಟ್ಯಾಂಕಿಗೆ ಮುತ್ತಿದರು. ಸಾಳುಬಾಯಿ ಮಾತ್ರ ತನ್ನ ಕೊಡ ತುಂಬಿಸಿಟ್ಟು ಜೀಪಿನ ಮುಂದೆ ಹೋಗಿ ನಿಂತಳು. ಫ್ಲೆಕ್ಸಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸೀರೆ ಅಂಗಡಿಯಲ್ಲಿ ನೋಡುವಂತೆ ನೋಡಿದಳು. ದಪ್ಪ ಮಾಲು. ಕುಡುಗೋಲು ತೆಗೆದಳು. ನಾಲ್ಕು ಹಗ್ಗ, ನಾಲ್ಕು ಏಟು.

"ಅತ್ತಿ! ನನ್ನ ನೌಕರಿ!"

"ನಿನ್ನ ನೌಕರಿ ಇದರ ಕೆಳಗ ಇತ್ತೇನು? ಹೊರಗ ತೆಗದೀನಿ ನೋಡು, ಉಸುರಾಡಲಿ." ಹಿಂದಿನ ತಟ್ಟಿ ಕಣ್ಣಿಗೆ ಬಿತ್ತು. "ಇದೇನು, ಲಾವಂಚ? ಇದೂ ಕೊಡು. ಆಡಿನ ಬಾಗಿಲಿಗಿ ಬರ್ತದ."

ದಾದಾಸಾಹೇಬರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿ, ತಟ್ಟಿಯನ್ನು ಬೆನ್ನಿಗೆ ಹಾಕಿ, ಕೊಡ ತಲೆಗೇರಿಸಿ ಮುದುಕಿ ಏರು ಹತ್ತಿದಳು. ಎಂಜಿನ್ನು ಆರಿದ ಮೇಲೆ ಉಯಿಕೆ ಕೀಲಿ ತಿರುಗಿಸಿದ. ಜೀಪು ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ಸೂಜಿ ನಡುವಿನಲ್ಲಿ ನಿಂತು ಅಲ್ಲಾಡಲಿಲ್ಲ. ಉಳಿದ ನೀರಿನೊಡನೆ ಅದು ಸಾಳುಬಾಯಿಯನ್ನು ದಾಟಿ, ಹಾರ್ನು ಹೊಡೆದು, ಅವಳಿಗಿಂತ ಮೊದಲು ಟೇಕಡಿ ಸೇರಿತು. ಆರನೆಯ ದಿನ ಹತ್ತೂ ಮುಕ್ಕಾಲಿಗೆ ತುಂಬಿದ ಟ್ಯಾಂಕು ಬಂತು. ಆ ಮಧ್ಯಾಹ್ನ ಟೇಕಡಿಯಲ್ಲಿ ನೂರ ನಲವತ್ತು ಒಲೆಗಳ ಹೊಗೆ ಎದ್ದಿತು.

ಇಲ್ಲಿ ತುಳಶಿರಾಮ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸಾಹೇಬರು ಕಡತದಲ್ಲಿ ಬರೆದದ್ದು ಹೀಗೆ: 'ಲಾವಂಚ ಪ್ರಯೋಗ ಯಶಸ್ವಿ.' ಫ್ಲೆಕ್ಸು ಎಲ್ಲಿ ಎಂದು ಕೇಳಿದಾಗ ತುಳಶಿರಾಮ, "ಗಾಳಿ ಒಯ್ತು ಸಾಹೇಬ್ರ" ಎಂದ. ನವತಪದ ಬಿಸಿಗಾಳಿ ಮನೆಯ ತಗಡುಗಳನ್ನೇ ಒಯ್ಯುತ್ತದೆ. ಸಾಹೇಬರು ನಂಬಿದರು. ತುಳಶಿರಾಮನ ಹೆಂಡತಿ ನಂಬಲಿಲ್ಲ, ಅವಳು ತವರಿಗೆ ಹೋಗಿ ಮಾಳಿಗೆ ನೋಡಿ ಬಂದಿದ್ದಳು.

ಏಳನೆಯ ದಿನ ಸತ್ಕಾರ. ದಾದಾಸಾಹೇಬರು ತುಳಶಿರಾಮನಿಗೆ ಶಾಲು ಹೊದಿಸಿದರು. ನಲವತ್ತೇಳು ಡಿಗ್ರಿಯಲ್ಲಿ ಉಣ್ಣೆಯ ಶಾಲು. ಹೊಸ ಫ್ಲೆಕ್ಸು ಬಂತು, ಹಳೆಯದಕ್ಕಿಂತ ಒಂದು ಗೇಣು ಅಗಲ, ಗಾಳಿ ಒಯ್ಯದಂತೆ ಎಂಟು ಹಗ್ಗ. ನಡುವೆ ದಾದಾಸಾಹೇಬರು. ಬಲ ಮೂಲೆಯಲ್ಲಿ, ಪಡಿತರ ಚೀಟಿಯ ಫೋಟೋದ ಅಳತೆಯಲ್ಲಿ, ತುಳಶಿರಾಮ ನಿಮಗಡೆ, 'ಶೀತಲ ತಜ್ಞ'. ಅದರ ಹಿಂದೆ ಹೊಸ ತಟ್ಟಿ.

ತುಳಶಿರಾಮ ತನ್ನ ಮುಖವನ್ನು ಬಹಳ ಹೊತ್ತು ನೋಡಿದ. ಅವನ ಅಪ್ಪ ಈ ಊರಿನ ಗಟಾರ ಬಳಿಯುತ್ತಲೇ ಸತ್ತವನು. ಅವನದೊಂದು ಫೋಟೋ ಕೂಡ ಇಲ್ಲ. ಇದು ಹಾಸ್ಯದ ಮಾತಲ್ಲ, ಬರೆಯದೆ ಮುಂದೆ ಹೋಗಲಾಗಲಿಲ್ಲ.

ಅಂಗಳದಿಂದ ಹೊರಬರುವಾಗ ಕುತುಬ್ ಮಿಸ್ತ್ರಿ ಅವನನ್ನು ತಡೆದ.

"ಜಯ್ ಭೀಮ್, ತಜ್ಞರ. ನಾಳಿ ಮತ್ತ ಕುದೀತದ."

"ಯಾಕ ಚಾಚಾ?"

"ಮೂಗಿನ ಮ್ಯಾಲ ಚಾದರ್ ಕಟ್ಟಿ ನಿನ್ನ ಓಡು ಅಂದ್ರ ಓಡ್ತೀಯೇನು?"

"ಮತ್ತ ನೀ ಮೊದಲೇ ಯಾಕ ಹೇಳಲಿಲ್ಲ?"

"ನನ್ನ ಗ್ಯಾರೇಜು ಪರಿಷತ್ತಿನ ಜಾಗದಾಗ ಅದ." ಮಿಸ್ತ್ರಿ ಬೀಡಿ ಹಚ್ಚಿದ. "ನೀ ಈಗ ಯಾಕ ಹೇಳವಲ್ಲಿ?"

ಎಂಟನೆಯ ದಿನ ಜೀಪು ಮೊದಲ ತಿರುವಿನಲ್ಲೇ ಕುದಿಯಿತು. ಉಯಿಕೆ ಬೇವಿನ ನೆರಳಿಗೆ ಕುಕ್ಕರಿಸಿ, "ತಜ್ಞರ, ಇಳೀರಿ" ಎಂದ. ತುಳಶಿರಾಮ ಇಳಿದು ಜೀಪಿನ ಮುಂದೆ ನಿಂತ. ಉಗಿಗೆ ಫ್ಲೆಕ್ಸು ಉಬ್ಬಿ ದಾದಾಸಾಹೇಬರ ಕೆನ್ನೆ ಬಾತುಕೊಂಡಿತ್ತು. ಮೂಲೆಯಲ್ಲಿ ತನ್ನ ಮುಖ ಮಾತ್ರ ಗಂಭೀರವಾಗಿತ್ತು. ಅವನು ತಟ್ಟಿಗೆ ನೀರು ಹೊಡೆದ. ಮತ್ತೆ ಹೊಡೆದ. ಹನ್ನೆರಡು ಹೊಡೆಯಿತು.

ಆಗ ಮೇಲಿನಿಂದ ಹೆಂಗಸಿನ ದನಿ ಕೂಗಿತು.

"ತುಳಶಿರಾಮಾ! ನಿಮ್ಮತ್ತಿ ಬಿದ್ದಾಳೋ! ಸಾಲಿನಾಗ ಬಿದ್ದಾಳ, ಕಣ್ಣು ತೆಗಿಯವಲ್ಲಳು! ಹನಿ ನೀರಿಲ್ಲೋ ಯಾರ ಮನ್ಯಾಗೂ!"

ಮೊದಲ ಕೊಡದ ಪಕ್ಕದಲ್ಲಿ, ಸೊಂಟದ ಗಂಟಿನಲ್ಲಿ ಉಳ್ಳಾಗಡ್ಡೆ ಇದ್ದಂತೆಯೇ, ಸಾಳುಬಾಯಿ ಬಿದ್ದಿದ್ದಳು.

ತುಳಶಿರಾಮನ ಹತ್ತಿರ ಕುಡುಗೋಲಿರಲಿಲ್ಲ. ಎಂಟು ಗಂಟುಗಳನ್ನೂ ಗಾಳಿಗೆ ಹೆದರಿ ಬಿಗಿದಿದ್ದರು. ಅವನು ಹಲ್ಲು ಹಾಕಿದ. ದಾದಾಸಾಹೇಬರ ಕೆನ್ನೆಗೆ ಕೆನ್ನೆ ಹಚ್ಚಿ ಒಂದೊಂದೇ ಗಂಟು ಕಚ್ಚಿ ಬಿಚ್ಚಿದ. ತುಟಿ ಹರಿದು ರಕ್ತ ಬಂತು. ಕೊನೆಯ ಗಂಟು ಅವನದೇ ಮುಖದ ಮೂಲೆಯಲ್ಲಿತ್ತು. ಅಲ್ಲಿ ಅರೆಗಳಿಗೆ ತಡೆದ. ಆಮೇಲೆ ಅದನ್ನೂ ಕಚ್ಚಿದ. ತಟ್ಟಿಯನ್ನು ಕಿತ್ತು ಎಸೆದ.

"ನಡಿ ಉಯಿಕೆ!"

"ಎಂಜಿನ್ನು ಇನ್ನೂ ಪೂರಾ ಆರಿಲ್ಲೋ! ಈಗ ಏರು ಹತ್ತಿದ್ರ ಸೀದು ಹೋಗ್ತದ!"

"ಕುತುಬ್ ಚಾಚಾ ಅವತ್ತು ನಿನ್ನ ಕಿವ್ಯಾಗ ಏನೋ ಹೇಳಿದ್ನಲ್ಲ?"

ಉಯಿಕೆ ಅವನ ಮುಖ ನೋಡಿದ. ಆಮೇಲೆ, ಜೀಪು ಹುಟ್ಟಿದಾಗಿನಿಂದ ಯಾರೂ ಮುಟ್ಟದ ಗುಂಡಿಯನ್ನು ತುದಿಯ ತನಕ ತಿರುವಿದ.

ನವತಪದ ಎಂಟನೆಯ ದಿನ, ಮಧ್ಯಾಹ್ನ ಹನ್ನೆರಡೂವರೆಗೆ, ಇಡೀ ವಿದರ್ಭದಲ್ಲಿ ಹೀಟರ್ ಹಚ್ಚಿಕೊಂಡು ಹೊರಟ ಗಾಡಿ ಅದೊಂದೇ ಇದ್ದೀತು. ಕಾಲಿಗೆ ಭಟ್ಟಿಯ ಬಾಯಿ ತೆರೆದಂತಾಯಿತು. ಉಯಿಕೆ ಅಳುತ್ತ ಗೇರು ಬದಲಿಸಿದ. ಶೀತಲ ತಜ್ಞ ತುಳಶಿರಾಮ ಮೊಣಕಾಲ ಮೇಲೆ ಬೆಂಕಿ ಇಟ್ಟುಕೊಂಡು, ತುಟಿಯಲ್ಲಿ ರಕ್ತ ಸುರಿಸುತ್ತ, ಸೂಜಿಯನ್ನೇ ನೋಡುತ್ತ ಕುಳಿತ. ಸೂಜಿ ಕೆಂಪಿನ ಅಂಚಿನಲ್ಲಿ ನಡುಗಿತು, ನಿಂತಿತು, ಒಂದು ಕೂದಲೆಳೆ ಇಳಿಯಿತು. ಟೇಕಡಿ ಮುಟ್ಟಿದಾಗ ಇಬ್ಬರೂ ಇಳಿಯಲಿಲ್ಲ, ಉರುಳಿದರು.

ಮೊದಲ ಕೊಡ ಸಾಳುಬಾಯಿಯ ತಲೆಯ ಮೇಲೆ, ಎರಡನೆಯದು ಎದೆಯ ಮೇಲೆ. ಒದ್ದೆ ಬಟ್ಟೆ ಸುತ್ತಿ, ಗಾಳಿ ಬೀಸಿ, ಕಂಕುಳಿಗೆ ನೀರು ಹಚ್ಚಿದರು. ಎಷ್ಟೋ ಹೊತ್ತಿನ ಮೇಲೆ ರೆಪ್ಪೆ ಅಲ್ಲಾಡಿತು. ನೀರು ಗುಟುಕರಿಸಿದಳು. ಮೇಲೆ ಬಾಗಿದ್ದ ಅಳಿಯನನ್ನು ನೋಡಿದಳು, ಅವನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ ಫ್ಲೆಕ್ಸನ್ನು ನೋಡಿದಳು.

"ತುಟಿಗೇನಾಯ್ತೋ?"

"ಏನಿಲ್ಲ ಅತ್ತಿ. ಗಂಟು ಬಿಚ್ಚಿದೆ."

"ಫೋಟೋದಾಗ ಮೂಗು ಚಂದ ಬಂದದ," ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದಳು. ಅವನು ಬಗ್ಗಿ ಅವಳ ಮೂಗಿಗೆ ಕಿವಿ ಹಚ್ಚಿದ. ಆಕೆ ನಿದ್ದೆ ಹೋಗಿದ್ದಳು, ಗೊರಕೆ ಕೇಳಿಸಿತು.

ಒಂಬತ್ತನೆಯ ದಿನ ಕಾರಣ ಕೇಳುವ ನೋಟಿಸು ಬಂತು: ಎರಡನೆಯ ಫ್ಲೆಕ್ಸು ಎಲ್ಲಿ? ತುಳಶಿರಾಮ ಅಂದು ತಟ್ಟಿ ತೋಯಿಸುವ ಮೊದಲು ಉತ್ತರ ಬರೆದು ಮೇಜಿನ ಮೇಲಿಟ್ಟ: 'ನಾನೇ ಬಿಚ್ಚಿದೆನು. ಸದರಿ ಮುಖವು ರೇಡಿಯೇಟರಿಗೆ ಹೋಗುವ ಗಾಳಿಯನ್ನು ತಡೆಯುತ್ತಿತ್ತು. ಲಾವಂಚವೂ ತಡೆಯುತ್ತಿತ್ತು. ನಾನು ತಜ್ಞನಲ್ಲ.'

ವೈರಾಗಡೆ ಸಾಹೇಬರು ಓದಿದರು. ಕಿಟಕಿಯ ತಟ್ಟಿ ಒಣಗಿತ್ತು. ಅವರ ಹಣೆಯ ಮೇಲೆ ಬೆವರು ಮೂಡಿತು. ಈ ಕಾಗದ ಕಡತ ಸೇರಿದರೆ, ಅಧ್ಯಕ್ಷರ ಮುಖವು ಜನರ ನೀರನ್ನು ತಡೆಯಿತು ಎಂಬುದು ಸರಕಾರಿ ದಾಖಲೆಯಾಗುತ್ತದೆ. ಅದರ ಕೆಳಗೆ ಅವರ ಸಹಿ ಬೀಳುತ್ತದೆ.

"ತುಳಶಿರಾಮ," ಎಂದರು ಮೆಲ್ಲಗೆ, "ನಿನ್ನೆ ಗಾಳಿ ಬಹಳ ಜೋರಾಗಿತ್ತಲ್ಲವೇ?"

"ಇಲ್ಲ ಸಾಹೇಬ್ರ. ಎಲಿನೂ ಅಲ್ಲಾಡಿರಲಿಲ್ಲ."

ಸಾಹೇಬರು ಆ ಉತ್ತರವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಕಿಸೆಯಲ್ಲಿಟ್ಟುಕೊಂಡರು. ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: 'ಎರಡನೆಯದನ್ನೂ ಗಾಳಿ ಒಯ್ದಿದೆ. ಈ ಮಾರ್ಗದಲ್ಲಿ ಗಾಳಿ ವಿಪರೀತವಿರುವುದರಿಂದ ಇನ್ನು ಮುಂದೆ ಜೀಪಿನ ಮುಂಭಾಗಕ್ಕೆ ಏನನ್ನೂ ಕಟ್ಟಬಾರದು.' ಟೇಕಡಿಗೆ ಸರಕಾರದಿಂದ ಸಿಕ್ಕ ಏಕೈಕ ಆದೇಶ ಅದು. ಆ ಬೇಸಿಗೆ ಮುಗಿಯುವ ತನಕ ಟ್ಯಾಂಕು ಹನ್ನೊಂದರೊಳಗೆ ಬಂತು. ನಳದಲ್ಲಿ ನೀರು ಇನ್ನೂ ಬಂದಿಲ್ಲ. ಆ ಜಗಳ ಬೇರೆ, ಅದು ನಡೆದಿದೆ.

ಸಾಳುಬಾಯಿಯ ಮಾಳಿಗೆಗೆ ಈಗ ಎರಡು ಪದರ. ಮೇಲಿನದರಲ್ಲಿ ದಾದಾಸಾಹೇಬರು ಮುಖ ಮೇಲೆ ಮಾಡಿ ಮಲಗಿದ್ದಾರೆ; ಮಧ್ಯಾಹ್ನದ ಬಿಸಿಲು ಏನೆಂದು ಅವರೂ ಸ್ವಲ್ಪ ನೋಡಲಿ ಎಂದು ಆಕೆ ಹಾಗೆ ಹಾಸಿದ್ದಾಳೆ. ತಗಡಿನ ಕೆಳಗೆ, ಒಳಮಗ್ಗಲಿಗೆ ಬಿಗಿದದ್ದು ಎರಡನೆಯದು. ಅದನ್ನು ಮಡಿಸಿದ್ದರಿಂದ ದೊಡ್ಡ ಮುಖ ತೊಲೆಯ ಸಂದಿಗೆ ಹೋಗಿದೆ, ಮೂಲೆಯ ಸಣ್ಣ ಮುಖವೊಂದೇ ಈಚೆ ಇಣುಕುತ್ತದೆ. ಅದರ ಕೆಳಗೆ ಆಡು, ಎರಡು ಮರಿ.

ಒಳಗೆ ಬಂದವರು ತಲೆಯೆತ್ತಿ, "ಯಾರವ್ವಾ ಇವ್ರು?" ಎಂದು ಕೇಳುತ್ತಾರೆ.

"ನನ್ನ ಅಳಿಯ," ಎನ್ನುತ್ತಾಳೆ ಸಾಳುಬಾಯಿ. "ತಣ್ಣಗ ಮಾಡೋದ್ರಾಗ ದೊಡ್ಡ ತಜ್ಞ ಅಂತ. ಸುಳ್ಳಲ್ಲ. ಬರ್ರಿ, ಇಲ್ಲಿ ಅವನ ಕೆಳಗ ಕೂಡ್ರಿ."